ಸೊಂತೊ ಅಜ್ಜನ ಮೂರು ಗೇಣು

ಗುನಾದಿ ಮೇಷ್ಟರಿಗೆ ಆ ಭಾನುವಾರ ಬಂದ ಕಷ್ಟಕ್ಕೆಲ್ಲ ಮೂಲ ಒಂದು ಗೇಣು. ಗೇಣೆಂದರೆ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ, ಅಷ್ಟೆ. ಅಷ್ಟು ಜಾಗದಲ್ಲಿ ಒಬ್ಬ ಮನುಷ್ಯನ ಮಾನ ಹರಾಜಾಗಬಹುದೆಂದು ಅವರಿಗೆ ಬೆಳಿಗ್ಗೆ ಗೊತ್ತಿರಲಿಲ್ಲ.

ಮೇಷ್ಟರು ಎತ್ತರದ ಆಳು. ಜಾವಾದ ಸೋಲೊ ನದಿಯ ದಂಡೆಯ ಕೆದುಂಗ್‌ಸೊಂಗೊ ಹಳ್ಳಿಯಲ್ಲಿ ಉಳಿದ ಗಂಡಸರ ತಲೆ ಅವರ ಭುಜದ ಹತ್ತಿರಕ್ಕೆ ಬಂದು ನಿಂತುಬಿಡುತ್ತಿತ್ತು. ಎತ್ತರವಾಗಿರುವುದೇನೂ ತಪ್ಪಲ್ಲ. ಆದರೆ ಪ್ರತಿ ಆಗಸ್ಟಿನಲ್ಲಿ ಅಲ್ಲಿ ಸ್ವಾತಂತ್ರ್ಯದ ಮೆರವಣಿಗೆ ಹೊರಡುತ್ತದೆ, ಕೇರಿಗೊಂದು ವೇಷ ಬರಬೇಕು, ಇವರ ಕೇರಿಯದು ಯಾವಾಗಲೂ ರಾಕ್ಷಸ. ರಾಕ್ಷಸ ಯಾರಾಗಬೇಕು? ಇನ್ಯಾರು. ಮೈಗೆಲ್ಲ ಕೆಂಪು ಬಣ್ಣ, ಬಾಯಿಗೆ ಮರದ ಕೋರೆಹಲ್ಲು, ತಲೆಗೆ ನಾರಿನ ಜಡೆ. ಆ ಸುಡುಬಿಸಿಲಿನಲ್ಲಿ ಊರ ಮೈದಾನದವರೆಗೆ ಗರ್ಜಿಸುತ್ತಾ ನಡೆಯಬೇಕು. ಬಣ್ಣ ಕಿವಿಯ ಹಿಂದಿನಿಂದ ಹೋಗುವಷ್ಟರಲ್ಲಿ ಸೆಪ್ಟೆಂಬರ್ ಮುಗಿದಿರುತ್ತಿತ್ತು. ಶಾಲೆಯಲ್ಲಿ ಅವರು ವಿಜ್ಞಾನದ ಪಾಠ ಶುರು ಮಾಡಿದರೆ ಹಿಂದಿನ ಬೆಂಚಿನಿಂದ ಯಾವನೋ ಸಣ್ಣಗೆ ಗರ್ಜಿಸುತ್ತಿದ್ದ. ಉತ್ತರದ ಮುಂದೆ ಮೀಟರೋ ಕಿಲೋನೋ ಬರೆಯದಿದ್ದರೆ ಸೊನ್ನೆ ಹಾಕುವ ಶಿಸ್ತಿನ ಮೇಷ್ಟರಿಗೆ ಇದು ಸಹಿಸಲಾಗದ ಅವಮಾನ.

ಈ ವರ್ಷ ಏನಾದರಾಗಲಿ ರಾಕ್ಷಸನಾಗುವುದಿಲ್ಲ ಎಂದು ಹೆಂಡತಿ ಲಸ್ಮಿಯ ಮುಂದೆ ಆಣೆ ಮಾಡಿದ್ದರು. ಲಸ್ಮಿ ಹೂಂ ಎಂದು ಕೋರೆಹಲ್ಲನ್ನು ತೊಳೆದು ಒಣಗಲು ಇಟ್ಟಿದ್ದಳು.

ಆ ಭಾನುವಾರ ಕೇರಿಯವರೆಲ್ಲ ಸೇರಿ ಚರಂಡಿ ತೋಡುವ ಕೆಲಸ. ಪಕೋಡದಂಗಡಿಯ ಪೋನಿಯೆಮ್‌ಳ ಗಂಡ ಕಸ್ನೋ ಗುದ್ದಲಿ ಹಾಕಿದಲ್ಲಿ ಠಣ್ ಎಂದಿತು. ಮಣ್ಣು ಸರಿಸಿದರೆ ಒಂದು ತೊಡೆಯೆಲುಬು, ಕಲ್ಲಿನಂತೆ ಭಾರ, ಕಪ್ಪಗೆ. ಆ ನೆಲವೇ ಹಾಗೆ, ಮಳೆಗಾಲ ಬಂದರೆ ಸಾಕು ಎಲುಬು ಕಕ್ಕುತ್ತದೆ. ಅವೆಲ್ಲ ಹಿಂದೆ ದೇವತೆಗಳ ಜೊತೆ ಯುದ್ಧ ಮಾಡಿ ಸತ್ತ ರಾಕ್ಷಸರ ಎಲುಬು ಎಂದು ಹಳ್ಳಿಯವರ ನಂಬಿಕೆ. ಅಲ್ಲಪ್ಪಾ, ಲಕ್ಷಾಂತರ ವರ್ಷದ ಹಿಂದಿನ ಪ್ರಾಣಿಗಳವು, ಮನುಷ್ಯರವು ಎಂದು ಹೇಳಿ ಹೇಳಿ ಮೇಷ್ಟರ ಗಂಟಲು ಒಣಗಿತ್ತು.

"ರಾಕ್ಷಸಂದೇ" ಎಂದರು ಕೇರಿಯ ಯಜಮಾನ ಪಾಕ್ ಮರ್ಯೋತೊ, ಎಲುಬನ್ನು ನೋಡಿ ಆಮೇಲೆ ಮೇಷ್ಟರನ್ನು ನೋಡಿ. ನೋಡಿದ ರೀತಿಯಲ್ಲಿ ಈ ವರ್ಷದ ಮೆರವಣಿಗೆಯೂ ಕಾಣುತ್ತಿತ್ತು.

ಮೇಷ್ಟರಿಗೆ ರೇಗಿತು. ರೇಗಿದಾಗ ಮನುಷ್ಯ ಪಂಥ ಕಟ್ಟುತ್ತಾನೆ. ಈ ಎಲುಬಿನಿಂದ ಅದರ ಒಡೆಯನ ಎತ್ತರವನ್ನು ಲೆಕ್ಕ ಹಾಕಿ ತೋರಿಸುತ್ತೇನೆ, ಮನುಷ್ಯನ ಎತ್ತರ ಬಂದರೆ ಈ ವರ್ಷ ರಾಕ್ಷಸನ ವೇಷ ಬಂದ್, ಬದಲಿಗೆ ಆದಿಮಾನವನ ಮೆರವಣಿಗೆ, ತಾನು ಬಿಳಿ ಕೋಟು ತೊಟ್ಟು ಕೋಲು ಹಿಡಿದು ಮುಂದೆ ನಡೆಯುತ್ತಾ ಜನಕ್ಕೆ ವಿವರಿಸುತ್ತೇನೆ ಎಂದರು. ಮರ್ಯೋತೊ ಒಪ್ಪಿದರು. ರಾಕ್ಷಸನ ಎತ್ತರ ಬಂದರೆ ಮಾತ್ರ ಪಾಕ್ ಗುರು, ಹಳ್ಳಿಯವರು ಮೇಷ್ಟರನ್ನು ಕರೆಯುವುದೇ ಹಾಗೆ, ಬದುಕಿರುವವರೆಗೂ ತಕರಾರಿಲ್ಲದೆ ರಾಕ್ಷಸನಾಗಬೇಕು ಎಂದೂ ಸೇರಿಸಿದರು. ಸಂಜೆ ಸಭೆಯಲ್ಲಿ ತೀರ್ಮಾನ.

ಮೇಷ್ಟರು ಜೇಬಿನಿಂದ ಟೇಪು ತೆಗೆದರು. ಸೊಂತೊ ಅಜ್ಜ ಕೋಲು ಅಡ್ಡ ಹಿಡಿದರು. ಅಜ್ಜ ಕೇರಿಗೆಲ್ಲ ಹಿರಿಯರು, ಬೆನ್ನು ಬಾಗಿ ಒಣದ್ರಾಕ್ಷಿಯಂತೆ ಮುದುಡಿದ್ದರೂ ಅವರ ಮಾತಿಗೆ ಎದುರಿಲ್ಲ. ನೆಲದಿಂದ ಎದ್ದ ಎಲುಬಿಗೆ ಊಟ ಹಾಕಿ ಪ್ರಾರ್ಥನೆ ಆಗುವವರೆಗೆ ಕಬ್ಬಿಣ ತಾಕಿಸುವ ಹಾಗಿಲ್ಲ, ಟೇಪು ತಾಕಿಸುವ ಹಾಗಿಲ್ಲ ಎಂದರು. ಅಳೆಯಲೇಬೇಕಾದರೆ ಕೇರಿಯ ಹಿರಿಯನ ಕೈಯಿಂದ. ಆ ಊಟ ಗುರುವಾರ ಸಂಜೆ. ವಸ್ತುಸಂಗ್ರಹಾಲಯದವರಿಗೆ ಸುದ್ದಿ ಹೋಗಿ ಅವರು ಬರುವುದೂ ಅದಾದ ಮೇಲೆಯೇ.

ಅಜ್ಜ ಕುಕ್ಕರಗಾಲಲ್ಲಿ ಕೂತು ಎಲುಬಿನ ಮೇಲೆ ಗೇಣು ಹಾಕಿದರು. ಒಂದು, ಎರಡು, ಮೂರು. ಸರಿಯಾಗಿ ಮೂರು ಗೇಣು. ಆಮೇಲೆ ಎಲುಬನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಸಿ ಮನೆಗೆ ಒಯ್ದು ಪೆಟ್ಟಿಗೆಯೊಳಗೆ ಇಟ್ಟು ಬೀಗ ಹಾಕಿದರು.

ಗೇಣಾದರೇನು, ಸೆಂಟಿಮೀಟರಿಗೆ ತಿರುಗಿಸಿದರಾಯಿತು ಎಂದು ಮೇಷ್ಟರು ಕೇರಿಯ ಕಾವಲು ಮನೆಯ ಗೋಡೆಯ ಹತ್ತಿರ ಹೋದರು. ತಮ್ಮ ಕೈಯನ್ನು ಗೋಡೆಗೆ ಅಗಲಿಸಿ ಇಟ್ಟು ಟೇಪಿನಿಂದ ಅಳೆದರು. ಇಪ್ಪತ್ತೈದು ಸೆಂಟಿಮೀಟರ್. ಮೂರು ಗೇಣಿಗೆ ಎಪ್ಪತ್ತೈದು. ತೊಡೆಯೆಲುಬಿನ ಉದ್ದವನ್ನು ಎರಡು ಪಾಯಿಂಟ್ ನಾಲ್ಕರಿಂದ ಗುಣಿಸಿ ಅರವತ್ತೊಂದು ಕೂಡಿಸಿದರೆ ಹೆಚ್ಚುಕಡಿಮೆ ಮನುಷ್ಯನ ಎತ್ತರ ಬರುತ್ತದೆ. ಸೀಮೆಸುಣ್ಣದಿಂದ ದೊಡ್ಡದಾಗಿ ಬರೆಯುತ್ತಾ ಹೋದರು, ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತಾ ಹೋದರು, ಕೊನೆಗೆ ಇನ್ನೂರ ನಲವತ್ತೊಂದು ಎಂದು ಬರೆದು, ಅಭ್ಯಾಸಬಲದಿಂದ ಮುಂದೆ ಸೆಂಟಿಮೀಟರ್ ಎಂದೂ ಬರೆದು, ಅಲ್ಲೇ ಕಲ್ಲಾಗಿ ನಿಂತರು.

ಎರಡು ಮೀಟರ್ ನಲವತ್ತೊಂದು. ಇದುವರೆಗೆ ಬರೀ ನಂಬಿಕೆಯಾಗಿದ್ದ ರಾಕ್ಷಸನಿಗೆ ಈಗ ಲೆಕ್ಕದ ಆಧಾರವೂ ಸಿಕ್ಕಿತು.

ಕೇರಿಗೆ ಆದ ಸಂತೋಷ ಹೇಳತೀರದು. ಇಷ್ಟು ವರ್ಷ ಇಲ್ಲ ಇಲ್ಲ ಎನ್ನುತ್ತಿದ್ದ ಮೇಷ್ಟರೇ ವಿಜ್ಞಾನದಿಂದ ರಾಕ್ಷಸನನ್ನು ಸಾಬೀತು ಮಾಡಿದರಲ್ಲ ಎಂದು ಒಬ್ಬೊಬ್ಬರೇ ಬಂದು ಕೈ ಕುಲುಕಿದರು. ಮರ್ಯೋತೊ ಗೋಡೆಯನ್ನು ಯಾರೂ ಅಳಿಸಕೂಡದೆಂದು ಅಪ್ಪಣೆ ಕೊಟ್ಟರು.

ಮೇಷ್ಟರು ಮನೆಗೆ ಬಂದು ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಗೋಡೆ ನೋಡುತ್ತಾ ಕೂತರು. ಎಲ್ಲಿ ತಪ್ಪಿತು? ಗುಣಾಕಾರ ಸರಿಯಿದೆ, ಕೂಡಿದ್ದು ಸರಿಯಿದೆ. ಲಸ್ಮಿಗೆ ಗಂಡನ ದುಃಖಕ್ಕಿಂತ ಕಿಟಕಿಯ ಪರದೆಯ ಚಿಂತೆ. ಎದ್ದು ಕಿಟಕಿ ಎಷ್ಟಿದೆ ಹೇಳಿ ಎಂದಳು. ಇವರು ಕೂತಲ್ಲಿಂದಲೇ ಕೈಚಾಚಿ ನಾಲ್ಕು ಗೇಣು ಎಂದರು.

"ಏನ್ರೀ, ಬೆಳಿಗ್ಗೆ ನಾನು ಹಾಕ್ದಾಗ ಆರು ಗೇಣಿತ್ತು" ಎಂದಳು ಲಸ್ಮಿ. "ನೀವು ಮನೇಲಿದ್ರೆ ಕಿಟಕೀನೂ ಕುಗ್ಗುತ್ತಾ?"

ಮೇಷ್ಟರು ಸ್ಟೂಲಿನಿಂದ ಜಿಗಿದರು. ಗೇಣು ಅಜ್ಜನದು, ಸೆಂಟಿಮೀಟರು ತನ್ನದು! ಮಕ್ಕಳಿಗೆ ವರ್ಷವಿಡೀ ಸೊನ್ನೆ ಹಾಕುತ್ತಿದ್ದ ತಪ್ಪನ್ನು ತಾನೇ ಊರ ಗೋಡೆಯ ಮೇಲೆ ಬರೆದು ಬಂದಿದ್ದರು. ನಾಚಿಕೆಯೂ ಆಯಿತು, ಜೀವವೂ ಬಂತು. ಅಜ್ಜನ ಗೇಣು ಎಷ್ಟೆಂದು ತಿಳಿದರೆ ಸಾಕು.

ಆದರೆ ಕೇಳುವುದು ಹೇಗೆ? ಅಜ್ಜಾ, ನಿಮ್ಮ ಕೈ ಅಳೆಯಬೇಕು ಎಂದರೆ, ನಿಮ್ಮ ಗೇಣು ಗಿಡ್ಡ ಎಂದಂತೆ. ಆ ಕೈಯಿಂದ ಊರ ಅರ್ಧ ಮನೆಗಳ ಪಾಯ ಅಳೆದವರು ಅವರು. ಹಿರಿಯರ ಮುಖದೆದುರು ಹಾಗೆ ಹೇಳುವ ಗಂಡು ಕೆದುಂಗ್‌ಸೊಂಗೊದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಮೇಷ್ಟರು ಉಪಾಯ ಹೂಡಿ ಹೋದರು. ಜಗಲಿಯ ಮೇಲೆ ಕೂತಿದ್ದ ಅಜ್ಜನ ಕೈಯನ್ನು ಎರಡೂ ಕೈಯಿಂದ ಹಿಡಿದು ನಮಸ್ಕರಿಸಿ, ಬಿಡದೆ, ಹೆಬ್ಬೆರಳನ್ನು ಇತ್ತ, ಕಿರುಬೆರಳನ್ನು ಅತ್ತ ಮೆಲ್ಲಗೆ ಎಳೆಯತೊಡಗಿದರು. ಅಜ್ಜ ಬೆರಳು ಮಡಚಿದರು. ಇವರು ಬಿಡಿಸಿದರು. ಇಷ್ಟು ಹೊತ್ತು ಕೈ ಬಿಡದ ಮನುಷ್ಯ ಯಾವುದೋ ದೊಡ್ಡ ಪಾಪಕ್ಕೆ ಕ್ಷಮೆ ಬೇಡುತ್ತಿದ್ದಾನೆಂದು ಬಗೆದ ಅಜ್ಜ, ಎಲ್ಲ ಮನ್ನಿಸಿದ್ದೇನೆ ಮಗಾ, ಲಸ್ಮಿಗೂ ಹೇಳಬೇಡ ಎಂದು ತಲೆ ಸವರಿ ಒಳಗೆ ನಡೆದರು.

ಎದುರಿನ ಅಂಗಡಿಯಿಂದ ಪೋನಿಯೆಮ್ ಎಲ್ಲವನ್ನೂ ನೋಡುತ್ತಿದ್ದಳು. ಆಕೆ ನೋಡಿದ್ದು ಬಾಣಲೆಯ ಎಣ್ಣೆ ಕಾಯುವಷ್ಟರಲ್ಲಿ ಕೇರಿಯ ತುದಿ ಮುಟ್ಟುತ್ತದೆ. ಪಾಕ್ ಗುರು ಅಜ್ಜನ ಬೆರಳು ಮುರೀತಿದ್ರು, ಕಣ್ಣೂ ಒಂಥರಾ ಇತ್ತು ಎಂದು ಹೊರಟ ಸುದ್ದಿ, ಎಲುಬನ್ನು ಹೀಯಾಳಿಸಿದ್ದಕ್ಕೆ ರಾಕ್ಷಸನ ಗಾಳಿ ಸೋಕಿದೆ ಎಂದು ತಿರುಗಿ ಬಂತು. ಮೇಷ್ಟರು ಅಂಗಡಿಯ ಮುಂದೆ ಹಾದುಹೋಗುವಾಗ ಕಸ್ನೋ ಮತ್ತು ಇನ್ನಿಬ್ಬರು ಹಿಡಿದು ಬೆಂಚಿನ ಮೇಲೆ ಬೋರಲಾಗಿ ಮಲಗಿಸಿದರು. ಅಂಗಿ ಮೇಲೆತ್ತಿದರು. ಗಾಳಿ ಸೇರಿದವರಿಗೆ ಅಲ್ಲಿ ಒಂದೇ ಔಷಧ. ಬೆನ್ನಿಗೆ ಎಣ್ಣೆ ಬಳಿದು ನಾಣ್ಯದ ಅಂಚಿನಿಂದ ಕೆಂಪಗೆ ಬಾಸುಂಡೆ ಬರುವವರೆಗೆ ಕೆರೆಯುವುದು.

ನನಗೇನೂ ಆಗಿಲ್ಲ, ಅಜ್ಜನ ಕೈಯ ಉದ್ದ ಬೇಕಿತ್ತು ಅಷ್ಟೆ ಎಂದು ಮೇಷ್ಟರು ಒದರಿದರು.

"ನೋಡಿದ್ರಾ, ತೊದಲ್ತಿದ್ದಾರೆ" ಎಂದಳು ಪೋನಿಯೆಮ್. "ಇನ್ನೊಂದು ಸಲ ಕೆರೀರಿ."

ಉಳುಮೆ ಮಾಡಿದ ಗದ್ದೆಯಂತಾದ ಬೆನ್ನು ಹೊತ್ತು ಮೇಷ್ಟರು ಎದ್ದಾಗ ಅವರ ಕಣ್ಣಲ್ಲಿ ನೀರಿತ್ತು. ಗಾಳಿ ಬಿಟ್ಟಿತು ಎಂದು ಎಲ್ಲರಿಗೂ ಖಾತ್ರಿಯಾಯಿತು. ಪೋನಿಯೆಮ್ ಮರುಗಿ, ಹಿಟ್ಟಿನಲ್ಲಿ ಅದ್ದಿ ಕರಿದ ಬಿಸಿ ಬಿಸಿ ತೆಂಪೆ ಎಂಬ ಸೋಯಾ ಬಿಲ್ಲೆಗಳನ್ನು ಹಳೆಯ ಪತ್ರಿಕೆಯಲ್ಲಿ ಕಟ್ಟಿ ಕೈಗಿತ್ತಳು. ಎಣ್ಣೆ ಇಳಿದು ಕಾಗದದ ಮೇಲೆ ಅವಳ ಬೆರಳುಗಳ ಗುರುತು ಒಂದೊಂದೂ ಸ್ಪಷ್ಟವಾಗಿ ಮೂಡಿತ್ತು. ಮೇಷ್ಟರು ಆ ಗುರುತನ್ನೇ ನೋಡುತ್ತಾ ನಿಂತರು. ಮತ್ತೆ ಕೆರೆಯುವ ಮುಂಚೆ ಅಲ್ಲಿಂದ ಅಜ್ಜನ ಮನೆಗೆ ಓಡಿದರು.

ಅಜ್ಜ ತೆಂಪೆಗೆ ಸೋಲುವವರು. ಒಂದರ ಮೇಲೊಂದು ತಿಂದು ಕೈಯೆಲ್ಲ ಎಣ್ಣೆ ಮಾಡಿಕೊಂಡರು. ಮೇಷ್ಟರು ಪತ್ರಿಕೆಯನ್ನು ಚಾಪೆಯ ಮೇಲೆ ನೀಟಾಗಿ ಹಾಸಿ, ಊರಲ್ಲಿ ಯಾರೂ ಅಪ್ಪಿತಪ್ಪಿಯೂ ಕೇಳದ ಪ್ರಶ್ನೆಯನ್ನು ಕೇಳಿದರು.

"ಅಜ್ಜ, ನೀವು ಪ್ರಾಯದಲ್ಲಿ ನದೀಲಿ ಹಿಡಿದ್ರಲ್ಲ ಆ ಮೀನು, ಅದೆಷ್ಟುದ್ದ ಇತ್ತು?"

ಅಜ್ಜನ ಮುಖ ಅರಳಿತು. ಆ ಕತೆ ಕೇಳುವವರಿಲ್ಲದೆ ವರ್ಷಗಳೇ ಆಗಿದ್ದವು. ಬಲೆ ಹಾಕಿದ್ದು, ಬಲೆ ಹರಿದದ್ದು, ದೋಣಿ ಮಗುಚಿದ್ದು ಎಲ್ಲ ಆಯಿತು. ಕೊನೆಗೆ ಪತ್ರಿಕೆಯ ಅಂಚಿನಲ್ಲಿ ಎಣ್ಣೆಗೈ ಊರಿ ಅಗಲಿಸಿದರು. ಇದು ತಲೆ. ಇನ್ನೊಂದು ಗೇಣು ಹಾಕಿದರು, ಇದು ಹೊಟ್ಟೆ. ಇನ್ನೊಂದು ಹಾಕಿದರು. ಪತ್ರಿಕೆ ಮುಗಿದರೂ ಮೀನು ಮುಗಿಯಲಿಲ್ಲ, ಚಾಪೆಯ ಮೇಲೆ ಹರಿಯಿತು. ಮೇಷ್ಟರು ಅಬ್ಬಾ ಅಬ್ಬಾ ಎನ್ನುತ್ತಾ ಪತ್ರಿಕೆಯನ್ನು ಮಡಚಿ ಅಂಗಿಯೊಳಗೆ ಸೇರಿಸಿಕೊಂಡರು.

ಮನೆಯಲ್ಲಿ ಟೇಪು ಇಟ್ಟು ನೋಡಿದರೆ ಹದಿನೈದು ಸೆಂಟಿಮೀಟರ್. ಮೂರು ಗೇಣಿಗೆ ನಲವತ್ತೈದು. ಎತ್ತರ ನೂರ ಅರವತ್ತೊಂಬತ್ತು. ಅಪ್ಪಟ ಮನುಷ್ಯ. ಮೇಷ್ಟರಿಗೆ ಆದ ಆನಂದಕ್ಕೆ ಬೆನ್ನಿನ ಉರಿಯೂ ಮರೆತುಹೋಯಿತು. ಬಿಳಿ ಕೋಟನ್ನು ಇಸ್ತ್ರಿ ಮಾಡು ಎಂದು ಲಸ್ಮಿಗೆ ಹೇಳಿ ಸಭೆಗೆ ಹೊರಟರು.

ಮರ್ಯೋತೊ ಅವರ ಜಗಲಿಯಲ್ಲಿ ಚಾಪೆ ಹಾಸಿತ್ತು, ಚಹಾ ಮತ್ತು ಬೇಯಿಸಿದ ಕಡಲೆಕಾಯಿ ಇತ್ತು. ಮೇಷ್ಟರು ಎದ್ದು ನಿಂತು, ಅಜ್ಜನ ಗೇಣೇ ಸರಿ, ತಪ್ಪಿದ್ದು ತನ್ನ ಕೈ, ಅದು ಲೆಕ್ಕ ಮೀರಿ ಬೆಳೆದ ಕೈ ಎಂದು ನಯವಾಗಿ ಶುರು ಮಾಡಿದರು. ಅಜ್ಜ ಗಂಭೀರವಾಗಿ ತಲೆಯಾಡಿಸಿದರು. ಹೊಸ ಲೆಕ್ಕ ಹೇಳಿದರು. ಗೆದ್ದೆ ಎಂದುಕೊಂಡರು ಮೇಷ್ಟರು.

"ಹಾಗಾದ್ರೆ ಇದು ಮನುಷ್ಯಂದು" ಎಂದರು ಮರ್ಯೋತೊ, ಬೆವರು ಒರೆಸಿಕೊಳ್ಳುತ್ತಾ. "ನನ್ನೆತ್ತರದ ಮನುಷ್ಯ, ನಮ್ಮ ಕೇರಿ ಚರಂಡೀಲಿ. ಯಾರು ಹೂತಿದ್ದು ಅಂತ ಪೊಲೀಸ್ರು ಕೇಳಿದ್ರೆ ನಾನೇನು ಹೇಳ್ಲಿ? ರಾಕ್ಷಸ ಆಗಿದ್ರೆ ಈ ತಾಪತ್ರಯ ಇರ್ಲಿಲ್ಲ ಪಾಕ್ ಗುರು."

ಜನಕ್ಕೆ ಹೌದೆನ್ನಿಸಿತು. ಕಸ್ನೋ ಗುದ್ದಲಿ ತನ್ನದಲ್ಲ ಎಂದ. ರಾಕ್ಷಸನೇ ವಾಸಿ ಎಂಬ ಮಾತು ಚಾಪೆಯಿಂದ ಚಾಪೆಗೆ ಹರಿಯುವುದನ್ನು ಕಂಡು ಮೇಷ್ಟರು ಪಾಠಕ್ಕೇ ಇಳಿದರು. ಇವತ್ತು ಹೇಳಿದಂತೆ ಅವರು ಯಾವ ತರಗತಿಯಲ್ಲೂ ಪಾಠ ಹೇಳಿರಲಿಲ್ಲ.

ನೀವೆಲ್ಲ ಬಾವಿ ತೋಡಿದವರು, ನಿಮಗೇ ಗೊತ್ತು ಎಂದರು. ಮೇಲೆ ಮಣ್ಣು, ಅದರ ಕೆಳಗೆ ಬೆಂಕಿಬೆಟ್ಟದ ಬೂದಿ, ಅದರ ಕೆಳಗೆ ಕಪ್ಪು ಜೇಡಿ, ಇನ್ನೂ ಕೆಳಗೆ ಹೋದರೆ ಸಮುದ್ರದ ಚಿಪ್ಪು. ಕೆಳಗಿದ್ದಷ್ಟೂ ಹಳೆಯದು. ಎಲುಬು ಸಿಕ್ಕಿದ್ದು ಬೂದಿಯ ಅಡಿಯಲ್ಲಿ. ಹೂತವನಿದ್ದರೆ ಬೂದಿಯ ಪದರ ಹರಿದಿರಬೇಕಿತ್ತು, ಅದು ಹಾಸಿದ ಹಾಗೇ ಇದೆ. ಮರ್ಯೋತೊ ಅವರ ಬಾಗಿಲಿಗೆ ಅಡ್ಡ ಇಡುವ ಆ ದೊಡ್ಡ ಕಲ್ಲು ಕಲ್ಲಲ್ಲ, ಅದೇ ಪದರದಲ್ಲಿ ಸಿಕ್ಕ ಆನೆಯ ಹಲ್ಲು, ಅಂಥ ಆನೆ ಈಗ ಭೂಮಿಯ ಮೇಲೆ ಎಲ್ಲೂ ಇಲ್ಲ. ಆ ಆನೆಯನ್ನು ಕಂಡವನು ಈ ಎಲುಬಿನವನು. ಅವನಿಗೆ ಹಣೆ ಕಡಿಮೆ, ಹುಬ್ಬಿನ ಎಲುಬು ಮುಂದೆ. ತಲೆಮಾರಿನಿಂದ ತಲೆಮಾರಿಗೆ ಚೂರು ಚೂರೇ ಬದಲಾಗುತ್ತಾ ಮನುಷ್ಯ ಹೀಗಾಗಿದ್ದಾನೆ.

ಚೂರು ಚೂರೇ ಬದಲಾಗಿದ್ದಕ್ಕೆ ಪುರಾವೆ ಏನು ಎಂದಳು ಪೋನಿಯೆಮ್.

ಪುರಾವೆ ನಮ್ಮ ಮೈಯಲ್ಲೇ ಇದೆ ಎಂದು ಮೇಷ್ಟರು ಕಿವಿ ಅಲ್ಲಾಡಿಸಿದರು. ನಿಜವಾಗಿ, ಎರಡೂ ಕಿವಿ. ಪ್ರಾಣಿಗಳಿಗೆ ಬೇಕಿದ್ದ ಸ್ನಾಯು, ನಮಗೆ ಬೇಡವಾಗಿಯೂ ಉಳಿದಿದೆ. ಬೆನ್ನಿನ ತುದಿಯಲ್ಲಿ ಮುಟ್ಟಿ ನೋಡಿಕೊಳ್ಳಿ, ಬಾಲದ ಮೊಟಕು ಎಲುಬಿದೆ. ಸಭೆಗೆ ಸಭೆಯೇ ಮುಟ್ಟಿ ನೋಡಿಕೊಂಡಿತು. ಬಾವಲಿಯ ರೆಕ್ಕೆಯೊಳಗೂ ನಮ್ಮ ಹಾಗೆ ಐದೇ ಬೆರಳು. ಈಗ ಹೆಬ್ಬೆರಳನ್ನು ಕಿರುಬೆರಳಿಗೆ ತಾಗಿಸಿ ಮಣಿಕಟ್ಟು ಮಡಚಿ. ನಡುವೆ ಒಂದು ನರದಂಥದ್ದು ಎದ್ದು ನಿಲ್ಲುತ್ತದೆ, ಕೊಂಬೆ ಹಿಡಿಯುವವರ ಕಾಲದ್ದು, ಈಗ ಕೆಲವರಿಗೆ ಅದು ಇರುವುದೇ ಇಲ್ಲ.

ಅಲ್ಲಿಗೆ ಕಡಲೆಕಾಯಿ ಯಾರಿಗೂ ಬೇಡವಾಯಿತು. ಎಲ್ಲರೂ ಎಲ್ಲರ ಮಣಿಕಟ್ಟು ಹಿಡಿದು ನೋಡತೊಡಗಿದರು. ಮರ್ಯೋತೊಗೆ ಹಗ್ಗದಷ್ಟು ದಪ್ಪ ಇತ್ತು. ಕಸ್ನೋಗೂ ಇತ್ತು. ಪೋನಿಯೆಮ್‌ಗೆ ಎರಡೂ ಕೈಯಲ್ಲಿ ಇರಲಿಲ್ಲ. ಮೊದಲು ಆಕೆಗೆ ಅಳು ಬಂತು, ಅದಿಲ್ಲದವರಿಗೆ ಕೊಂಬೆಯ ಹಂಗೇ ತೀರಿತು ಎಂದು ಮೇಷ್ಟರು ಸಮಾಧಾನ ಹೇಳಿದ ಮೇಲೆ ಗಂಡನನ್ನು ನೋಡುವ ನೋಟವೇ ಬೇರೆಯಾಯಿತು. ಸೊಂತೊ ಅಜ್ಜ ತಮ್ಮ ಮಣಿಕಟ್ಟನ್ನು ಬಹಳ ಹೊತ್ತು ನೋಡಿ, ರಾಕ್ಷಸರ ಕತೆ ನಮ್ಮಜ್ಜ ಹೇಳಿದ್ದು, ಇದನ್ನು ನನ್ನ ಕೈಯೇ ಹೇಳುತ್ತಿದೆ ಎಂದರು. ಅಲ್ಲಿಗೆ ಮುಗಿಯಿತು. ಇನ್ನು ಮುಂದೆ ರಾಕ್ಷಸ ಬೇಡ, ಎಲ್ಲವೂ ಪಾಕ್ ಗುರು ಹೇಳಿದ ವಿಜ್ಞಾನದ ಪ್ರಕಾರವೇ ಆಗಬೇಕು ಎನ್ನುವವರು ಕೈ ಎತ್ತಿ ಎಂದರು ಮರ್ಯೋತೊ. ಎಲ್ಲ ಕೈಗಳೂ ಎದ್ದವು. ಎಲ್ಲಕ್ಕಿಂತ ಮೇಲೆ ಮೇಷ್ಟರ ಕೈ.

ವಿಜ್ಞಾನದ ಪ್ರಕಾರ ಪಾತ್ರ ಹಂಚುವುದು ಶುರುವಾಯಿತು. ಆದಿಮಾನವ ನೂರ ಅರವತ್ತೊಂಬತ್ತು. ಮರ್ಯೋತೊ ಪೊಲೀಸ್ ಭರ್ತಿಗೆ ಹೋದಾಗ ಅಳೆದದ್ದೂ ಅಷ್ಟೇ, ಮಣಿಕಟ್ಟಿನಲ್ಲಿ ಹಗ್ಗ ಬೇರೆ ಇದೆ, ಹಾಗಾಗಿ ಅವರೇ. ಮುಂದೆ ಬಿಳಿ ಕೋಟಿನಲ್ಲಿ ಕೋಲು ಹಿಡಿದು ವಿವರಿಸುವವರು, ಎಂದಾಗ ಮೇಷ್ಟರು ಎದ್ದು ಅಂಗಿ ಸರಿಮಾಡಿಕೊಂಡರು. ಕೊಂಬೆಯ ಹಂಗು ತೀರಿದವಳು ಕೇರಿಯಲ್ಲಿ ಒಬ್ಬಳೇ, ಮಾತೂ ಬಲ್ಲಳು, ಪೋನಿಯೆಮ್ ಆಗಲಿ ಎಂದರು ಅಜ್ಜ. ಅದಕ್ಕೂ ಕೈಗಳು ಎದ್ದವು.

ಹಾಗಾದರೆ ನಾನು ಎಂದು ಮೇಷ್ಟರು ಕೇಳಬೇಕೆನ್ನುವಷ್ಟರಲ್ಲಿ ಅಜ್ಜ ಬಾಗಿಲ ಬಳಿಯ ಹಲ್ಲನ್ನು ಕೋಲಿನಿಂದ ತಟ್ಟಿದರು. ಆ ಮನುಷ್ಯ ನೋಡಿದ ಆನೆ ಇಲ್ಲದೆ ಮೆರವಣಿಗೆ ಏನು ಚೆಂದ, ಬಿದಿರಿನದೊಂದು ಆನೆ ಕಟ್ಟೋಣ, ಹನ್ನೆರಡು ಗೇಣು ಎತ್ತರ ಇರಲಿ ಎಂದರು.

"ಯಾರ ಗೇಣು ಅಜ್ಜ?" ಎಂದು ಸಭೆ ಒಂದೇ ದನಿಯಲ್ಲಿ ಕೇಳಿತು. ಪಾಠ ಅಷ್ಟು ಚೆನ್ನಾಗಿ ಇಳಿದಿತ್ತು.

"ಪಾಕ್ ಗುರು ಗೇಣು" ಎಂದರು ಅಜ್ಜ. "ಆನೆ ಅಂದ್ಮೇಲೆ ದೊಡ್ದಾಗಿರ್ಬೇಕು."

"ಮೂರು ಮೀಟರ್" ಎಂದರು ಮೇಷ್ಟರು. ಅಭ್ಯಾಸ, ತಡೆಯಲಾಗಲಿಲ್ಲ.

ಎಲ್ಲರೂ ಮೆಲ್ಲಗೆ ಅವರತ್ತ ತಿರುಗಿದರು. ತಲೆ ಬಗ್ಗಿಸಿ ನೀರು ಕುಡಿಯುವ ಆನೆ, ಹಾಗಾಗಿ ಮುಂದಿನ ಕಾಲಿಗೆ ಕಸ್ನೋ ಸಾಕು. ಹಿಂದೆ ಆ ಎತ್ತರವನ್ನು ಭುಜದ ಮೇಲೆ ಹೊತ್ತು ನಡೆಯಬಲ್ಲ ಗಂಡಸು ಆ ಕೇರಿಯಲ್ಲಿ ಒಬ್ಬರೇ ಇದ್ದರು. ಮೇಷ್ಟರ ಕಣ್ಣ ಮುಂದೆ ಬೂದುಬಣ್ಣದ ಬಟ್ಟೆ, ಕತ್ತಲೆ, ಆಗಸ್ಟಿನ ಸೆಕೆ, ಮೂರು ಹೊತ್ತೂ ಗಬ್ಬುವಾಸನೆಯ ಜೆಂಗ್‌ಕೊಲ್ ಕಾಳು ತಿನ್ನುವ ಕಸ್ನೋನ ಹಿಂಭಾಗ ಎಲ್ಲವೂ ಬಂದು ಹೋದವು. ರಾಕ್ಷಸನಿಗೆ ಕೊನೆಯಪಕ್ಷ ಗಾಳಿಯಾದರೂ ಇತ್ತಲ್ಲ ಎಂದು ಹೊಟ್ಟೆ ಉರಿಯಿತು. ನಾನು ಬಗ್ಗಿ ನಡೆಯುತ್ತೇನೆ, ಮುಂದಿನ ಕಾಲನ್ನಾದರೂ ಕೊಡಿ ಎಂದು ಬೇಡಿಕೊಂಡರು.

ಮರ್ಯೋತೊ ಮರುಕದಿಂದ ಅವರ ಕೈ ಹಿಡಿದುಕೊಂಡರು. "ಬೇಡ ಪಾಕ್ ಗುರು, ಮುಂದಿನ ಕಾಲಿಗೆ ದಾರಿ ಮೇಲೆ ಗಮನ ಇರ್ಬೇಕು. ನೀವು ಲೆಕ್ಕ ಹಾಕ್ತಾ ಹಾಕ್ತಾ ಆನೇನ ನದಿಗೆ ಇಳಿಸಿಬಿಡ್ತೀರ."